ಪಾಲಿಕೆ ನೋಟಿಸಿನಲ್ಲೂ ‘ಇವ್ಯಾಕ್ಯುಯೇಟ್’, ಆಸ್ಪತ್ರೆ ಚೀಟಿಯಲ್ಲೂ ‘ಇವ್ಯಾಕ್ಯುಯೇಟ್’: ಅರ್ಥ ಒಂದೇನಾ?

ಪ್ರಶ್ನೆ: ಮುಂಬಯಿಯ ಪರೇಲ್‌ನಲ್ಲಿ ಹಳೇ ಚಾಳೊಂದರಲ್ಲಿ (ಸಾಲು ಕೋಣೆಗಳ ವಠಾರ) ನಮ್ಮದು ಪಗಡಿ ರೂಮು, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದದ್ದು. ಮಾವನವರ ಕಾಲದಿಂದ ಇಲ್ಲೇ ಇದ್ದೇವೆ. ಮಳೆಗಾಲಕ್ಕೆ ಮುಂಚೆ ಪಾಲಿಕೆಯವರು ಬಂದು ನೋಟಿಸ್ ಅಂಟಿಸಿ ಹೋದರು. ಅದರಲ್ಲಿ ಒಂದು ಕಡೆ ‘ವೆಕೇಟ್’ ಅಂತಿದೆ, ಇನ್ನೊಂದು ಕಡೆ ‘ಇವ್ಯಾಕ್ಯುಯೇಟ್’ ಅಂತಿದೆ. ಪಕ್ಕದ ಮನೆಯವರು ‘ಎಲ್ಲರನ್ನೂ ಎವಿಕ್ಟ್ ಮಾಡ್ತಾರೆ, ರೂಮು ಹೋಯ್ತು ಅಂದ್ಕೊಳ್ಳಿ’ ಎಂದು ಹೆದರಿಸುತ್ತಿದ್ದಾರೆ. ಅದೇ ವಾರ ನಮ್ಮ ಭಾವನವರಿಗೆ ತಲೆಯ ಆಪರೇಷನ್ ಆಯಿತು. ಅವರ ಡಿಸ್ಚಾರ್ಜ್ ಚೀಟಿಯಲ್ಲೂ ‘ಹೆಮಟೋಮಾ ಇವ್ಯಾಕ್ಯುಯೇಟೆಡ್’ ಎಂದು ಬರೆದಿದೆ. ಇದರ ಮೇಲೆ ಮಗಳ ಟೀಚರ್ ಬೇರೆ, ಜನರನ್ನು ಇವ್ಯಾಕ್ಯುಯೇಟ್ ಮಾಡಿದರು ಅನ್ನೋದು ತಪ್ಪು, ಕಟ್ಟಡವನ್ನು ಅನ್ನಬೇಕು ಅಂದರಂತೆ. ಇದೆಲ್ಲ ಒಂದೇ ಪದವಾ? ಕನ್ನಡದಲ್ಲಿ ಏನನ್ನಬೇಕು? ನೋಟಿಸಿಗೆ ಉತ್ತರ ಬರೆಯುವುದು ಹೇಗೆ?

ಉತ್ತರ: ಮೊದಲು ಹೆದರಿಕೆಯ ವಿಷಯ ಮುಗಿಸೋಣ. ವ್ಯಾಕರಣ ಆಮೇಲೆ ನೋಡಿದರಾಯಿತು.

ನಿಮ್ಮ ಪಕ್ಕದ ಮನೆಯವರು ಮೂರು ಪದಗಳನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ. ವೆಕೇಟ್, ಇವ್ಯಾಕ್ಯುಯೇಟ್, ಎವಿಕ್ಟ್. ಮೂರರಲ್ಲೂ ಕೊನೆಗೆ ಮನೆ ಖಾಲಿಯಾಗುತ್ತದೆ, ಅದು ನಿಜ. ಆದರೆ ಯಾರು ಖಾಲಿ ಮಾಡುತ್ತಾರೆ, ಯಾಕೆ ಮಾಡುತ್ತಾರೆ ಅನ್ನೋದು ಮೂರರಲ್ಲೂ ಬೇರೆ ಬೇರೆ.

ವೆಕೇಟ್ ಮಾಡುವವರು ಅಲ್ಲಿ ಇರುವವರೇ. ಲೀವ್ ಅಂಡ್ ಲೈಸೆನ್ಸ್ ಕರಾರಿನ ಹನ್ನೊಂದು ತಿಂಗಳು ಮುಗಿದರೆ ಫ್ಲ್ಯಾಟ್ ವೆಕೇಟ್ ಮಾಡುತ್ತೀರಿ. ಹೋಟೆಲಿನ ರೂಮನ್ನು ಬೆಳಗ್ಗೆ ಹತ್ತಕ್ಕೆ ವೆಕೇಟ್ ಮಾಡುತ್ತೀರಿ. ಕಾರಣ ಏನೇ ಇರಬಹುದು, ಅಪಾಯವೇ ಇರಬೇಕೆಂದಿಲ್ಲ. ಈ ಪದಕ್ಕೆ ಇನ್ನೊಂದು ಕೆಲಸವೂ ಇದೆ. ಕೋರ್ಟು ತಾನೇ ಕೊಟ್ಟ ತಡೆಯಾಜ್ಞೆಯನ್ನು ತೆಗೆದುಹಾಕಿದರೆ ‘ಸ್ಟೇ ವೆಕೇಟ್ ಆಯಿತು’ ಅನ್ನುತ್ತಾರೆ. ಶಾಸಕರು ರಾಜೀನಾಮೆ ಕೊಟ್ಟರೆ ‘ಸೀಟ್ ವೆಕೇಟ್ ಆಯಿತು’. ಇಂಥ ಕಡೆ ಇವ್ಯಾಕ್ಯುಯೇಟ್ ಹಾಕಿದರೆ ನಗು ಬರುತ್ತದೆ. ಸೀಟಿಗೇನು ಬೆಂಕಿ ಬಿದ್ದಿತ್ತಾ ಅಂತ ಕೇಳುತ್ತಾರೆ.

ಜನರ, ಕಟ್ಟಡದ ಮಾತಾದರೆ ಇವ್ಯಾಕ್ಯುಯೇಟ್‌ನಲ್ಲಿ ಅಪಾಯದ ಮಾತು ಇದ್ದೇ ಇರುತ್ತದೆ. ಬೆಂಕಿ, ನೆರೆ, ಬಾಂಬು, ಬಿರುಕು ಬಿಟ್ಟ ಪಿಲ್ಲರ್, ಏನಾದರೂ ಒಂದು. ಅದು ಈಗಾಗಲೇ ಬಂದಿರಬೇಕು, ಇಲ್ಲವೇ ಬರುವ ಹಾಗಿರಬೇಕು. ಅದಕ್ಕಾಗಿ ಜನರನ್ನು ಅಲ್ಲಿಂದ ಹೊರಗೆ ಕರೆದೊಯ್ಯುತ್ತಾರೆ. ವಾಪಸ್ ಬರುತ್ತಾರಾ ಇಲ್ಲವಾ ಅನ್ನೋದರ ಬಗ್ಗೆ ಈ ಪದ ಏನೂ ಹೇಳುವುದಿಲ್ಲ. ಅಗ್ನಿಶಾಮಕ ಅಭ್ಯಾಸದ ದಿನ ಆಫೀಸಿನವರು ಇವ್ಯಾಕ್ಯುಯೇಟ್ ಆಗಿ ಅರ್ಧ ಗಂಟೆಯಲ್ಲಿ ಮತ್ತೆ ಕುರ್ಚಿಗೆ ಬರುತ್ತಾರೆ. ಕುಸಿಯುವ ಕಟ್ಟಡದವರು ವರ್ಷಗಟ್ಟಲೆ ಟ್ರಾನ್ಸಿಟ್ ಕ್ಯಾಂಪಿನಲ್ಲಿ, ಅಂದರೆ ತಾತ್ಕಾಲಿಕ ವಸತಿಯಲ್ಲಿ, ಉಳಿಯುತ್ತಾರೆ. ಎರಡಕ್ಕೂ ಒಂದೇ ಪದ.

ಎವಿಕ್ಟ್ ಅಂದರೆ ಒಕ್ಕಲೆಬ್ಬಿಸುವುದು. ‘ನಿನಗಿಲ್ಲಿ ಇರುವ ಹಕ್ಕಿಲ್ಲ’ ಎಂದು ಹೇಳಿ ಹೊರಗೆ ಹಾಕುವುದು. ಬಾಡಿಗೆ ಕಾಯ್ದೆಯಡಿ ಬಾಡಿಗೆದಾರರನ್ನು ಎವಿಕ್ಟ್ ಮಾಡಬೇಕಾದರೆ ಮಾಲೀಕ ಕೋರ್ಟಿಗೆ ಹೋಗಬೇಕು, ಕಾರಣ ತೋರಿಸಬೇಕು, ಆದೇಶ ತರಬೇಕು. ಮಹಾರಾಷ್ಟ್ರದಲ್ಲಿ ಅದಕ್ಕೆ 1999ರ ಬಾಡಿಗೆ ನಿಯಂತ್ರಣ ಕಾಯ್ದೆ ಇದೆ. ಪಾಲಿಕೆಯ ಅಪಾಯದ ನೋಟಿಸೇ ಎವಿಕ್ಟ್ ಆದೇಶ ಅಲ್ಲ.

ನಿಮಗೆ ಬಂದಿರುವುದು ಬಹುಶಃ 1888ರ ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 354ನೇ ಕಲಮಿನ ನೋಟಿಸು. ಕಾಗದದ ತಲೆಯಲ್ಲಿ ಆ ಸಂಖ್ಯೆ ಇದೆಯಾ ನೋಡಿ. ಬೀಳುವ ಸ್ಥಿತಿಯಲ್ಲಿರುವ ಕಟ್ಟಡವನ್ನು ಕೆಡವಿ, ಭದ್ರಪಡಿಸಿ ಅಥವಾ ರಿಪೇರಿ ಮಾಡಿ ಎಂದು ಹೇಳುವ ಅಧಿಕಾರ ಆ ಕಲಮಿನಿಂದ ಬರುತ್ತದೆ. ಅದರ ಜೊತೆ ಇನ್ನೊಂದು ಗುರುತು ಹುಡುಕಿ: ಸಿ-1, ಸಿ-2ಎ, ಸಿ-2ಬಿ, ಸಿ-3. ನಿಮ್ಮ ಮುಂದಿನ ದಿನಗಳು ಹೇಗಿರುತ್ತವೆ ಎನ್ನುವುದು ಆ ಚಿಕ್ಕ ಅಕ್ಷರದಲ್ಲಿದೆ. ಸಿ-1 ಅಂದರೆ ವಾಸಕ್ಕೆ ಯೋಗ್ಯವಲ್ಲ, ತಕ್ಷಣ ಖಾಲಿ ಮಾಡಿ ಕೆಡವಬೇಕು. ಸಿ-2ಎ ಅಂದರೆ ದೊಡ್ಡ ರಿಪೇರಿ ಬೇಕು, ಅದಕ್ಕಾಗಿ ಜನ ಹೊರಗೆ ಹೋಗಬೇಕು. ಸಿ-2ಬಿಗೆ ಜನ ಒಳಗಿದ್ದಂತೆಯೇ ರಿಪೇರಿ ಸಾಕು. ಸಿ-3 ಸಣ್ಣಪುಟ್ಟ ದುರಸ್ತಿ. ಸಿ-1ಕ್ಕೂ ಸಿ-2ಎಗೂ ‘ಇವ್ಯಾಕ್ಯುಯೇಟ್’ ಎಂದೇ ಬರೆಯುತ್ತಾರೆ. ಆದರೆ ಒಂದರಲ್ಲಿ ವಾಪಸ್ ಬರುವ ಕಟ್ಟಡ ಉಳಿದಿರುತ್ತದೆ, ಇನ್ನೊಂದರಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ಡಿಕ್ಷನರಿ ತೆಗೆಯುವ ಮೊದಲು ಆ ಗುರುತು ನೋಡಿ.

ಹಕ್ಕಿನ ಮಾತು. ನಾನು ಭಾಷೆಯ ಕೆಲಸದವನು, ವಕೀಲನಲ್ಲ. ಆದರೂ ಇದನ್ನು ಹೇಳಬಹುದು: 2014ರಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದ್ದೇ ಒಂದು ಪ್ರಕರಣದಲ್ಲಿ, ಪಾಲಿಕೆ ಕಟ್ಟಡ ಕೆಡವಿದ ಮಾತ್ರಕ್ಕೆ ಬಾಡಿಗೆದಾರನ ಹಕ್ಕು ಸಾಯುವುದಿಲ್ಲ ಎಂದು ತೀರ್ಪು ಕೊಟ್ಟಿದೆ. ಅದೇ ವರ್ಷ ಬಾಂಬೆ ಹೈಕೋರ್ಟು ಇಂಥ ಕಟ್ಟಡಗಳಿಗೆ ನಿಯಮಗಳನ್ನು ಹಾಕಿಕೊಟ್ಟಿತು. ಕೆಡವುವ ಮೊದಲು ಯಾರು ಯಾವ ರೂಮಿನಲ್ಲಿದ್ದಾರೆ, ಅವರ ಕಾರ್ಪೆಟ್ ಏರಿಯಾ (ಗೋಡೆ ಬಿಟ್ಟು ಒಳಗಿನ ನೆಲದ ಅಳತೆ) ಎಷ್ಟು ಎಂದು ಪಾಲಿಕೆ ಅಳೆದು ಪಟ್ಟಿ ಮಾಡಬೇಕು. ಮಾಲೀಕನ ಇಂಜಿನಿಯರು ‘ಬೀಳುತ್ತದೆ’, ಬಾಡಿಗೆದಾರರ ಇಂಜಿನಿಯರು ‘ಬೀಳಲ್ಲ’ ಎಂದು ವರದಿ ಕೊಟ್ಟರೆ ತಾಂತ್ರಿಕ ಸಲಹಾ ಸಮಿತಿ ನೋಡುತ್ತದೆ. ಅಳತೆಯವರು ಬಂದ ದಿನ ನೀವು ಮನೆಯಲ್ಲಿ ಇರಲೇಬೇಕು. ಪಟ್ಟಿಯಲ್ಲಿ ಮಾವನವರ ಹೆಸರಿದೆಯಾ, ನಿಮ್ಮವರ ಹೆಸರಿದೆಯಾ, ಚದರಡಿ ಸರಿಯಿದೆಯಾ ನೋಡಿ, ಪ್ರತಿ ಕೇಳಿ. ಲೋಟ ತಟ್ಟೆ ಕಟ್ಟಿಕೊಳ್ಳುವ ಮೊದಲು ಭಾಡಾ ಪಾವತಿ (ಬಾಡಿಗೆ ರಸೀದಿ), ಲೈಟ್ ಬಿಲ್, ರೇಷನ್ ಕಾರ್ಡ್ ಒಂದು ಫೈಲಿಗೆ ಹಾಕಿ. ಹಾಗಂತ ‘ಹಕ್ಕು ಹೋಗಲ್ಲ ಅಲ್ವಾ, ಇನ್ನೂ ನಾಲ್ಕು ದಿನ ಇರೋಣ’ ಅಂತ ಕೂರಬೇಡಿ. 2017ರ ಆಗಸ್ಟ್ 31ರಂದು ಭೇಂಡಿ ಬಜಾರಿನಲ್ಲಿ ಬಿದ್ದ ಹುಸೈನಿ ಬಿಲ್ಡಿಂಗ್ ಅಪಾಯಕಾರಿ ಎಂದು ರಾಜ್ಯದ ವಸತಿ ಸಂಸ್ಥೆ ಮ್ಹಾಡಾ ವರ್ಷಗಳ ಹಿಂದೆಯೇ ಹೇಳಿತ್ತು. ಕೆಲವು ಕುಟುಂಬಗಳು ಹೊರಗೆ ಹೋಗಿದ್ದವು, ಕೆಲವು ಇನ್ನೂ ಒಳಗಿದ್ದವು. ಮೂವತ್ತಕ್ಕೂ ಹೆಚ್ಚು ಜನ ಸತ್ತರು.

ಇನ್ನು ಭಾವನವರ ಚೀಟಿ. ಅದನ್ನು ನೋಡಿ ಬೆಚ್ಚಬೇಡಿ. ನಿಜ ಹೇಳಬೇಕೆಂದರೆ ಈ ಪದದ ತವರು ಮನೆ ಆಸ್ಪತ್ರೆಯೇ. ಕಟ್ಟಡಕ್ಕೆ, ಊರಿಗೆ ಅದು ಆಮೇಲೆ ಬಂತು.

ಮೂಲ ಲ್ಯಾಟಿನ್. ‘ವ್ಯಾಕ್ಯುಯಸ್’ ಅಂದರೆ ಖಾಲಿ. ವ್ಯಾಕ್ಯೂಮ್, ವೇಕೆಂಟ್, ವೆಕೇಷನ್ ಎಲ್ಲ ಅದೇ ಮನೆತನ. ಇಂಗ್ಲಿಷಿಗೆ ಇವ್ಯಾಕ್ಯುಯೇಟ್ ಬಂದದ್ದು ಸುಮಾರು 15ನೇ ಶತಮಾನದಲ್ಲಿ, ವೈದ್ಯರ ಬಾಯಲ್ಲಿ. ಮೈಯಲ್ಲಿ ಕೆಟ್ಟ ರಸ ತುಂಬಿಕೊಂಡರೆ ರೋಗ, ಅದನ್ನು ಹೊರಗೆ ಹಾಕಿದರೆ ಗುಣ ಅನ್ನೋದು ಆಗಿನ ಯುರೋಪಿನ ವೈದ್ಯರ ನಂಬಿಕೆ. ಭೇದಿ ಮಾಡಿಸುವುದು, ವಾಂತಿ ಮಾಡಿಸುವುದು, ರಕ್ತ ತೆಗೆಯುವುದು ಎಲ್ಲವೂ ಇವ್ಯಾಕ್ಯುಯೇಷನ್. ನಮ್ಮ ಅಜ್ಜಿಯಂದಿರು ಭಾನುವಾರ ಬೆಳಗ್ಗೆ ಮಕ್ಕಳ ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದರಲ್ಲ, ಅದೇ ಲೆಕ್ಕ. ಇವತ್ತಿಗೂ ಕೊಲೊನೋಸ್ಕೋಪಿಗೆ ಮುಂಚಿನ ಸೂಚನಾಪತ್ರದಲ್ಲಿ ‘ಬವೆಲ್ ಇವ್ಯಾಕ್ಯುಯೇಷನ್’ ಎಂದು ಕಂಡರೆ ಅದು ಹೊಟ್ಟೆ ಪೂರ್ತಿ ಖಾಲಿ ಆಗಬೇಕು ಅನ್ನೋದಷ್ಟೇ. ಡಾಕ್ಟರು ‘ಮೋಷನ್ ಆಯ್ತಾ’ ಎಂದು ಕೇಳುವುದರ ಕೋಟು ಹಾಕಿದ ರೂಪ.

ಹೆಮಟೋಮಾ ಅಂದರೆ ರಕ್ತನಾಳದಿಂದ ಹೊರಬಂದು ಒಂದೆಡೆ ಕಟ್ಟಿಕೊಂಡ ರಕ್ತ. ತಲೆಗೆ ಪೆಟ್ಟು ಬಿದ್ದರೆ ಬುರುಡೆಗೂ ಮೆದುಳಿಗೂ ನಡುವೆ ಅದು ಕಟ್ಟಿಕೊಂಡು ಮೆದುಳನ್ನು ಒತ್ತುತ್ತದೆ. ‘ಹೆಮಟೋಮಾ ಇವ್ಯಾಕ್ಯುಯೇಟೆಡ್’ ಅಂದರೆ ಆ ರಕ್ತವನ್ನು ತೆಗೆದರು, ಒತ್ತಡ ಇಳಿಸಿದರು. ಗಮನಿಸಿ, ಇಲ್ಲಿ ಇವ್ಯಾಕ್ಯುಯೇಟ್ ಆದದ್ದು ತಲೆಯಲ್ಲ, ಒಳಗಿದ್ದ ರಕ್ತ. ಇದನ್ನು ನೆನಪಿಟ್ಟುಕೊಳ್ಳಿ, ಟೀಚರ ಜಗಳಕ್ಕೆ ಬೇಕಾಗುತ್ತದೆ. ಕೆಲವು ಬಗೆಯ ಹೆಮಟೋಮಾದಲ್ಲಿ ರಕ್ತ ಮತ್ತೆ ಕೂಡಿಕೊಳ್ಳುವುದುಂಟು. ಅದಕ್ಕೇ ಚೀಟಿಯ ಕೆಳಗೆ ಮರು ಸ್ಕ್ಯಾನಿನ ತಾರೀಖು ಬರೆದಿದ್ದರೆ ತಪ್ಪಿಸಬೇಡಿ. ಹೆರಿಗೆ ವಾರ್ಡಿನ ಕಾಗದಗಳಲ್ಲಿ ‘ಸಕ್ಷನ್ ಇವ್ಯಾಕ್ಯುಯೇಷನ್’ ಎಂದಿರುತ್ತದೆ. ಗರ್ಭ ನಿಲ್ಲದೆ ಹೋದಾಗ ಅಥವಾ ಗರ್ಭ ತೆಗೆಸುವಾಗ ಗರ್ಭಕೋಶದ ಒಳಗಿದ್ದದ್ದನ್ನು ನಳಿಕೆಯಿಂದ ಎಳೆದು ಸ್ವಚ್ಛ ಮಾಡುವುದು ಅದು. ಗರ್ಭಕೋಶವನ್ನೇ ತೆಗೆದರು ಎಂದಲ್ಲ. ಈ ಗೊಂದಲದಿಂದ ಮನೆಗಳಲ್ಲಿ ಸುಮ್ನೆ ಅಳು ನಡೆದದ್ದನ್ನು ಕೇಳಿದ್ದೇನೆ.

ವೈದ್ಯರ ಕೈಯಿಂದ ಪದ ಸೈನ್ಯಕ್ಕೆ ಹೋಯಿತು. 18ನೇ ಶತಮಾನದ ಹೊತ್ತಿಗೆ, ಕೋಟೆ ಬಿಟ್ಟು ಸೈನ್ಯ ಹಿಂದೆ ಸರಿದರೆ ‘ಕೋಟೆಯನ್ನು ಇವ್ಯಾಕ್ಯುಯೇಟ್ ಮಾಡಿದರು’ ಎಂದು ಬರೆಯತೊಡಗಿದ್ದರು. ಆಮೇಲೆ ಗಾಯಾಳುಗಳನ್ನು ಯುದ್ಧಭೂಮಿಯಿಂದ ಸಾಗಿಸುವುದಕ್ಕೂ ಅದೇ ಬಂತು. ಸಾಮಾನ್ಯ ಜನರ ಮಟ್ಟಿಗೆ ಅದು ಮನೆಮಾತಾದದ್ದು ಎರಡನೇ ಮಹಾಯುದ್ಧದಲ್ಲಿ. 1939ರ ಸೆಪ್ಟೆಂಬರ್ 1ರಿಂದ ಬ್ರಿಟನ್ ತನ್ನ ದೊಡ್ಡ ಊರುಗಳ ಮಕ್ಕಳನ್ನು, ತಾಯಂದಿರನ್ನು ಹಳ್ಳಿಗಳಿಗೆ ಕಳಿಸಿತು. ಮೊದಲ ಕೆಲವೇ ದಿನಗಳಲ್ಲಿ ಸುಮಾರು 15 ಲಕ್ಷ ಜನ. ಮರುವರ್ಷ ಫ್ರಾನ್ಸಿನ ಡಂಕರ್ಕ್ ಕಡಲತೀರದಿಂದ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಹಡಗು, ದೋಣಿಗಳಲ್ಲಿ ಸಾಗಿಸಿದರು.

ಈಗ ಟೀಚರ್ ಹೇಳಿದ್ದು. ಅವರ ಮಾತಿಗೆ ಹಿನ್ನೆಲೆ ಇದೆ. ಹಳೇ ಕಾಲದ ಇಂಗ್ಲಿಷ್ ಪತ್ರಿಕೆಗಳ ಉಪಸಂಪಾದಕರು ಇದನ್ನೇ ಹೇಳಿ ಎಳೆಯರನ್ನು ಬೈಯುತ್ತಿದ್ದರು: ಖಾಲಿಯಾಗುವುದು ಕಟ್ಟಡ, ಮನುಷ್ಯನಲ್ಲ. ಮನುಷ್ಯನನ್ನು ಇವ್ಯಾಕ್ಯುಯೇಟ್ ಮಾಡುವುದು ಅಂದರೆ ಎನಿಮಾ ಕೊಡುವುದು! ಜೋಕ್ ಚೆನ್ನಾಗಿದೆ. ಆದರೆ ನಿಯಮ ಅಲ್ಲ. ‘ದಿ ಬಿಲ್ಡಿಂಗ್ ವಾಸ್ ಇವ್ಯಾಕ್ಯುಯೇಟೆಡ್’ ಸರಿ. ‘ದಿ ಟೆನೆಂಟ್ಸ್ ವರ್ ಇವ್ಯಾಕ್ಯುಯೇಟೆಡ್’ ಕೂಡ ಸರಿ. ‘ದಿ ಟೆನೆಂಟ್ಸ್ ಇವ್ಯಾಕ್ಯುಯೇಟೆಡ್ ಅಟ್ ಮಿಡ್‌ನೈಟ್’, ಅಂದರೆ ಅವರೇ ಹೊರಬಂದರು, ಅದೂ ಸರಿ. ಮೂರನ್ನೂ ಒಳ್ಳೆಯ ನಿಘಂಟುಗಳು ಒಪ್ಪುತ್ತವೆ. ಡಾಕ್ಟರರ ಚೀಟಿಯಲ್ಲೇ ನೋಡಿದಿರಲ್ಲ, ಪಾತ್ರೆಯನ್ನೂ ಇವ್ಯಾಕ್ಯುಯೇಟ್ ಮಾಡಬಹುದು, ಪಾತ್ರೆಯೊಳಗಿನದನ್ನೂ ಮಾಡಬಹುದು. ಮಗಳು ಪರೀಕ್ಷೆಯಲ್ಲಿ ಎಚ್ಚರ ವಹಿಸಬೇಕಾದದ್ದು ಬೇರೆ. ಜನರ ಬಗ್ಗೆ ಬರೆದರೆ ಎಲ್ಲಿಂದ ಅನ್ನೋದಕ್ಕೆ ‘ಫ್ರಂ’ ಬೇಕು, ಎಲ್ಲಿಗೆ ಅನ್ನೋದಕ್ಕೆ ‘ಟು’ ಬೇಕು. ಜಾಗದ ಬಗ್ಗೆ ಬರೆದರೆ ‘ಫ್ರಂ’ ಬೇಡ. ‘ಇವ್ಯಾಕ್ಯುಯೇಟ್ ಫ್ರಂ ದಿ ಬಿಲ್ಡಿಂಗ್ ದಿ ಪೀಪಲ್’ ಅಂತ ಕನ್ನಡದ ಜಾಡಿನಲ್ಲಿ ತಿರುಗಿಸಿ ಬರೆಯೋದು ನಮ್ಮ ಮಕ್ಕಳಲ್ಲಿ ಜಾಸ್ತಿ. ಟೀಚರೊಂದಿಗೆ ವಾದಕ್ಕೆ ಇಳಿಯೋದು ಬೇಡ, ಒಂದು ಮಾರ್ಕಿಗೋಸ್ಕರ ‘ಬಿಲ್ಡಿಂಗ್’ ಎಂದೇ ಬರೆದುಬಿಡಲಿ.

ರೆಸ್ಕ್ಯೂ ಜೊತೆಗೂ ಗೊಂದಲವಾಗುತ್ತದೆ. ಅಪಾಯದಲ್ಲಿ ಸಿಕ್ಕಿಬಿದ್ದವರನ್ನು ಎತ್ತುವುದು ರೆಸ್ಕ್ಯೂ. ಸಿಕ್ಕಿಬೀಳುವ ಮೊದಲೇ, ಅಥವಾ ದಾರಿ ಇನ್ನೂ ತೆರೆದಿರುವಾಗ ಹೊರಗೆ ಕಳಿಸುವುದು ಇವ್ಯಾಕ್ಯುಯೇಟ್. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮುಂಬಯಿಯ ಕೆಲವು ಕೋವಿಡ್ ಕೇಂದ್ರಗಳ ರೋಗಿಗಳನ್ನು ಮುಂಚಿತವಾಗಿ ಬೇರೆ ಆಸ್ಪತ್ರೆಗಳಿಗೆ ಸಾಗಿಸಿದರು. ಅದು ಇವ್ಯಾಕ್ಯುಯೇಷನ್. ಅದೇ ಬಿರುಗಾಳಿಗೆ ಸಮುದ್ರದಲ್ಲಿ ಪಿ-305 ಎಂಬ ಬಾರ್ಜ್ (ಕೆಲಸಗಾರರಿದ್ದ ಚಪ್ಪಟೆ ತಳದ ನೌಕೆ) ಮುಳುಗಿತು. ನೀರಿನಲ್ಲಿ ಲೈಫ್ ಜಾಕೆಟ್ ಹಿಡಿದು ತೇಲುತ್ತಿದ್ದವರನ್ನು ನೌಕಾಪಡೆ ಎತ್ತಿತು. ಅದು ರೆಸ್ಕ್ಯೂ. ಪುಣೆಯಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಮುಠಾ ನದಿಗೆ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯ ಜನ ಎರಡೂ ಪದದೊಳಗೆ ಬರುತ್ತಾರೆ. ನೀರು ನುಗ್ಗುವ ಮೊದಲೇ ಹೊರಬಿದ್ದವರು ಇವ್ಯಾಕ್ಯುಯೇಟೆಡ್, ಆಮೇಲೆ ದೋಣಿಯಲ್ಲಿ ಬಂದವರು ರೆಸ್ಕ್ಯೂಡ್.

ವಿಮಾನದಲ್ಲಿ ಈ ಪದ ಆಜ್ಞೆ. ಕ್ಯಾಪ್ಟನ್ ‘ಇವ್ಯಾಕ್ಯುಯೇಟ್’ ಎಂದು ಎರಡು ಸಲ ಕೂಗಿದರೆ ಮೇಲಿನ ಬ್ಯಾಗಿಗೆ ಕೈ ಹಾಕಬಾರದು. ದೊಡ್ಡ ಪ್ರಯಾಣಿಕ ವಿಮಾನಕ್ಕೆ ಪರವಾನಗಿ ಸಿಗಬೇಕಾದರೆ ಅರ್ಧದಷ್ಟು ಬಾಗಿಲು ಮಾತ್ರ ತೆರೆದು 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬಹುದು ಎಂದು ತೋರಿಸಬೇಕು. ನಿಧಾನವಾಗಿ ಮೆಟ್ಟಿಲಿಳಿದು ಹೋಗುವುದು ಡಿಪ್ಲೇನ್. ಅದಕ್ಕೆ ಇವ್ಯಾಕ್ಯುಯೇಟ್ ಅನ್ನಲ್ಲ.

ಇಲ್ಲಿ ಒಂದು ಅಡ್ಡ ಮಾತು. ನಮ್ಮ ಕಡೆಯ ಎಷ್ಟೋ ಜನರಿಗೆ ಮೈಗೆ ತಟ್ಟಿದ ಇವ್ಯಾಕ್ಯುಯೇಷನ್ ಅಂದರೆ 1990ರ ಕುವೈತಿನದು. ಇರಾಕ್ ನುಗ್ಗಿದ ಮೇಲೆ ಅಲ್ಲಿದ್ದ ಭಾರತೀಯರು ಮರಳುಗಾಡು ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದರು. ಅಲ್ಲಿಂದ ಏರ್ ಇಂಡಿಯಾ ಎರಡು ತಿಂಗಳ ಕಾಲ ಸಾಲಾಗಿ ವಿಮಾನ ಹಾರಿಸಿ ಲಕ್ಷಕ್ಕೂ ಹೆಚ್ಚು ಜನರನ್ನು ಮುಂಬಯಿಗೆ ತಂದಿತು. ಉಡುಪಿ, ಮಂಗಳೂರು, ಗೋವಾದವರು ಅದರಲ್ಲಿ ಬೇಕಾದಷ್ಟಿದ್ದರು.

ನಿಮ್ಮ ಪಕ್ಕದ ಮನೆಯವರ ಹೆದರಿಕೆ ಪೂರ್ತಿ ಹುಚ್ಚೂ ಅಲ್ಲ. ಅದಕ್ಕೆ ಈ ಪದದ ತಂಗಿಯೊಬ್ಬಳು ಕಾರಣ ಇರಬಹುದು: ‘ಇವ್ಯಾಕ್ಯುಯೀ’. ಇಂಗ್ಲಿಷಿಗೆ ಅದು ಫ್ರೆಂಚಿನಿಂದ ಬಂದದ್ದು. ಅಪಾಯದ ಜಾಗದಿಂದ ಸಾಗಿಸಲ್ಪಟ್ಟವರು ಅನ್ನೋದು ಸಾಮಾನ್ಯ ಅರ್ಥ. ಆದರೆ ನಮ್ಮ ದೇಶದ ಕಾನೂನಿನಲ್ಲಿ ಅದು ಬೇರೆಯೇ ಪ್ರಾಣಿ. 1950ರ ಇವ್ಯಾಕ್ಯುಯೀ ಆಸ್ತಿ ಆಡಳಿತ ಕಾಯ್ದೆಯಲ್ಲಿ, 1947ರ ಮಾರ್ಚ್ 1ರಂದು ಅಥವಾ ಅದರ ನಂತರ ದೇಶವಿಭಜನೆಯ ಕಾರಣ ಭಾರತ ಬಿಟ್ಟು ಹೋದವರು ಇವ್ಯಾಕ್ಯುಯೀಗಳು. ಅವರು ಬಿಟ್ಟುಹೋದ ಮನೆ, ಅಂಗಡಿ ಕಸ್ಟೋಡಿಯನ್ ಎಂಬ ಸರಕಾರಿ ಅಧಿಕಾರಿಯ ಕೈಗೆ ಹೋದವು. ಆ ಕಡೆಯಿಂದ ಎಲ್ಲ ಬಿಟ್ಟು ಈ ಕಡೆ ಬಂದು ಕಲ್ಯಾಣದ ಹಳೇ ಮಿಲಿಟರಿ ಕ್ಯಾಂಪಿನಲ್ಲಿ ಇಳಿದ ಸಿಂಧಿಗಳು, ಮುಂದೆ ಉಲ್ಲಾಸನಗರ ಕಟ್ಟಿದವರು, 1954ರ ಕಾಯ್ದೆಯ ಭಾಷೆಯಲ್ಲಿ ‘ಡಿಸ್‌ಪ್ಲೇಸ್ಡ್ ಪರ್ಸನ್ಸ್’. ಹೋದವರಿಗೆ ಒಂದು ಪದ, ಬಂದವರಿಗೆ ಒಂದು ಪದ. ಹಳೇ ಮುಂಬಯಿಯಲ್ಲಿ ‘ಇವ್ಯಾಕ್ಯುಯೀ ಪ್ರಾಪರ್ಟಿ’ ಅಂದರೆ ಸರಕಾರ ಹಿಡಿದುಕೊಂಡ ಆಸ್ತಿ ಎಂದೇ ಜನ ತಿಳಿದಿದ್ದರು. ಆ ಕಾನೂನುಗಳನ್ನು 2005ರಲ್ಲಿ ರದ್ದು ಮಾಡಿದ್ದಾರೆ. ನಿಮ್ಮ ಚಾಳಿಗೆ ಅದು ತಾಗುವುದಿಲ್ಲ.

ಜನರಿಲ್ಲದ ಇವ್ಯಾಕ್ಯುಯೇಷನ್‌ಗಳೂ ಇವೆ. ಪುಣೆಯ ಸೊಸೈಟಿಗಳ ತಾರಸಿಯಲ್ಲಿ ಸೋಲಾರ್ ಹೀಟರಿನ ಗಾಜಿನ ನಳಿಕೆಗಳ ಸಾಲು ಕಾಣುತ್ತದಲ್ಲ, ಅದರ ಬಿಲ್ಲಿನಲ್ಲಿ ‘ಈಟಿಸಿ’ ಎಂದಿರುತ್ತದೆ. ಆ ‘ಈ’ ಅಂದರೆ ಇವ್ಯಾಕ್ಯುಯೇಟೆಡ್. ಒಂದು ಗಾಜಿನ ಕೊಳವೆಯೊಳಗೆ ಇನ್ನೊಂದು ಕೊಳವೆ, ನಡುವಿನ ಗಾಳಿಯನ್ನು ಎಳೆದು ತೆಗೆದಿರುತ್ತಾರೆ. ಗಾಳಿ ಇಲ್ಲದ್ದರಿಂದ ಒಳಗಿನ ಶಾಖ ಹೊರಗೆ ಸೋರುವುದಿಲ್ಲ. ನಳಿಕೆಯ ತುದಿ ಬೆಳ್ಳಿಯ ಕನ್ನಡಿಯ ಹಾಗೆ ಹೊಳೆಯುತ್ತದೆ. ಆ ಬೆಳ್ಳಿ ಬಣ್ಣ ಹೋಗಿ ಹಾಲಿನ ಬಿಳಿ ಬಂದರೆ ಒಳಗೆ ಗಾಳಿ ನುಗ್ಗಿದೆ, ನಳಿಕೆ ಬದಲಿಸಬೇಕು ಎಂದರ್ಥ. ಎಸಿ ರಿಪೇರಿಯವನು ಗ್ಯಾಸ್ ತುಂಬುವ ಮೊದಲು ಪಂಪು ಹಚ್ಚಿ ಪೈಪಿನೊಳಗಿನ ಗಾಳಿ, ತೇವ ಎಳೆದುಹಾಕುತ್ತಾನೆ. ಅವನ ಬಾಯಲ್ಲಿ ಅದು ‘ವ್ಯಾಕ್ಯೂಮ್’, ಪುಸ್ತಕದಲ್ಲಿ ಇವ್ಯಾಕ್ಯುಯೇಷನ್.

ಭಾರತದ ವ್ಯಾಪಾರದ ಪುಟಗಳಲ್ಲಿ ಇನ್ನೊಂದು ಬಳಕೆ ಜೋರಾಗಿದೆ. ‘ಪವರ್ ಇವ್ಯಾಕ್ಯುಯೇಷನ್’ ಎಂದು ಓದಿ ಕರೆಂಟು ಹೋಯಿತು ಅಂದುಕೊಳ್ಳಬೇಡಿ. ಪಾವಗಡದ ಸೋಲಾರ್ ಪಾರ್ಕಿನಂಥ ಕಡೆ ಹುಟ್ಟಿದ ವಿದ್ಯುತ್ತನ್ನು ತಂತಿ ಎಳೆದು ಗ್ರಿಡ್ಡಿಗೆ ಸಾಗಿಸುವುದಕ್ಕೆ ಹಾಗನ್ನುತ್ತಾರೆ. ನ್ಹಾವಾ ಶೇವಾ ಬಂದರಿನಲ್ಲಿ ಇಳಿದ ಕಂಟೇನರುಗಳನ್ನು ರೈಲಿನಲ್ಲಿ, ಟ್ರೇಲರಿನಲ್ಲಿ ಹೊರಗೆ ಸಾಗಿಸಿದರೆ ‘ಕಾರ್ಗೋ ಇವ್ಯಾಕ್ಯುಯೇಷನ್’. ಗೋವಾದ ಮುರ್ಮುಗಾಂವ್ ಬಂದರಿನಿಂದ ಘಟ್ಟ ಹತ್ತಿ ಕರ್ನಾಟಕದ ಉಕ್ಕಿನ ಕಾರ್ಖಾನೆಗೆ ಹೋಗುವ ಕಲ್ಲಿದ್ದಲಿಗೂ ಇದೇ ಮಾತು. ಇಂಗ್ಲೆಂಡಿನವರು ಇದನ್ನು ಓದಿದರೆ ಬಂದರಿಗೆ ಬೆಂಕಿ ಬಿತ್ತೇನೋ ಅಂದುಕೊಂಡಾರು. ನನಗೇನೋ ಈ ಬಳಕೆ ಇಷ್ಟ. ಅಪಾಯವಿಲ್ಲದಿದ್ದರೂ ‘ತುಂಬಿಕೊಂಡಿದೆ, ಬೇಗ ಹೊರಗೆ ಹಾಕಿ’ ಎನ್ನುವ ಅವಸರ ಅದರಲ್ಲಿ ಉಳಿದಿದೆ.

ಕನ್ನಡದಲ್ಲಿ ಏನನ್ನಬೇಕು? ಒಂದೇ ಪದ ಹುಡುಕಬೇಡಿ. ಕಟ್ಟಡಕ್ಕೆ ‘ಖಾಲಿ ಮಾಡಿಸಿದರು’ ಸಾಕು, ಮರಾಠಿಯ ನೋಟಿಸುಗಳೂ ‘ರಿಕಾಮಿ ಕರಾ’ ಎಂದೇ ಹೇಳುತ್ತವೆ. ಜನರಿಗೆ ‘ಸುರಕ್ಷಿತ ಜಾಗಕ್ಕೆ ಕಳಿಸಿದರು’ ಅಥವಾ ‘ಸ್ಥಳಾಂತರಿಸಿದರು’. ಹೆಮಟೋಮಾಕ್ಕೆ ‘ಕಟ್ಟಿದ ರಕ್ತ ತೆಗೆದರು’. ಪತ್ರಿಕೆಗಳು ಎಲ್ಲದಕ್ಕೂ ‘ತೆರವು’ ಎಂದು ಹಾಕಿಬಿಡುತ್ತವೆ. ನನಗದು ಸರಿ ಕಾಣುವುದಿಲ್ಲ. ಒತ್ತುವರಿಯನ್ನು ತೆರವು ಮಾಡುತ್ತಾರೆ, ಫುಟ್‌ಪಾತ್ ಅಂಗಡಿಯನ್ನು ತೆರವು ಮಾಡುತ್ತಾರೆ. ‘ನಿವಾಸಿಗಳ ತೆರವು’ ಎಂದು ಬರೆದರೆ ಐವತ್ತು ವರ್ಷ ಬಾಡಿಗೆ ಕಟ್ಟಿದವರೂ ಒತ್ತುವರಿ ಮಾಡಿದವರ ಹಾಗೆ ಕಾಣುತ್ತಾರೆ. ‘ಒಕ್ಕಲೆಬ್ಬಿಸು’ ಎನ್ನುವುದನ್ನು ಎವಿಕ್ಟ್‌ಗೆ ಮೀಸಲಿಡಿ. ಮೈಕಿನಲ್ಲಿ ಕೂಗುವುದಾದರೆ ಇದ್ಯಾವುದೂ ಬೇಡ. ‘ಎಲ್ಲರೂ ಹೊರಗೆ ಬನ್ನಿ, ಲಿಫ್ಟ್ ಹತ್ತಬೇಡಿ’ ಅನ್ನಿ.

ಕೊನೆಗೆ ನಿಮ್ಮ ಉತ್ತರಪತ್ರ. ಇಂಗ್ಲಿಷಿನಲ್ಲಿ ಬರೆಯುವುದಾದರೆ ‘ವಿ ಹ್ಯಾವ್ ವೆಕೇಟೆಡ್’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ನೀವೇ ಮನಸ್ಸು ಮಾಡಿ ರೂಮು ಬಿಟ್ಟುಕೊಟ್ಟಿರಿ ಎಂದು ನಾಳೆ ಯಾರಾದರೂ ಓದಬಹುದು. ‘ಸರೆಂಡರ್’ ಎಂಬ ಪದವಂತೂ ಎಲ್ಲೂ ಬರಕೂಡದು. ಮಾಲೀಕರ ಕಡೆಯವರು ಟೈಪ್ ಮಾಡಿ ತಂದ ಕಾಗದವಾದರೆ ಆ ಪದವನ್ನೇ ಮೊದಲು ಹುಡುಕಿ. ಇಂಥ ದಿನದ, ಇಂಥ ಕಲಮಿನ ನೋಟಿಸಿನಂತೆ, ಕಟ್ಟಡ ಅಪಾಯಕಾರಿ ಎಂದು ಹೇಳಿದ್ದರಿಂದ ಕುಟುಂಬವನ್ನು ಇವ್ಯಾಕ್ಯುಯೇಟ್ ಮಾಡಲಾಗಿದೆ, ಬಾಡಿಗೆದಾರಿಕೆಯ ಎಲ್ಲ ಹಕ್ಕುಗಳನ್ನು ಉಳಿಸಿಕೊಂಡು ಹೊರಗೆ ಹೋಗುತ್ತಿದ್ದೇವೆ ಎಂದು ಬರೆಯಿರಿ. ರೂಮ್ ನಂಬರ್, ಕಾರ್ಪೆಟ್ ಏರಿಯಾ, ಹೊರಬಿದ್ದ ತಾರೀಖು ಹಾಕಿ. ಮರಾಠಿಯಲ್ಲಿ ಬರೆದರೂ ನಡೆಯುತ್ತದೆ, ಅದೇ ಒಳ್ಳೆಯದು. ಕೊಡುವ ಮೊದಲು ಒಬ್ಬ ವಕೀಲರಿಗೆ ತೋರಿಸಿ. ಎರಡು ಪ್ರತಿ ತೆಗೆದುಕೊಂಡು ವಾರ್ಡ್ ಆಫೀಸಿಗೆ ಹೋಗಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಇನ್‌ವರ್ಡ್ ಸಿಕ್ಕಾ (ಕಾಗದ ತಲುಪಿದೆ ಎನ್ನುವ ಮೊಹರು) ಹಾಕಿಸಿಕೊಂಡು ಬನ್ನಿ.